ಸೋಸಿ ಕೊಟ್ಟ ನೀರು

ನನಗೆ ಸಿಟ್ಟು ಮೂಗಿನ ತುದೀಲೇ ಇರ್ತದೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಹೇಳ್ಲಿ ಬಿಡಿ. ನಮ್ಮ ಹೊಳೆ ಮೆಟ್ಟಿಲ ಮೇಲೆ ಬೆಳಿಗ್ಗೆ ಹೊತ್ತು ಒಂದು ಗಳಿಗೆ ನಿಂತು ನೋಡಿ, ಆಮೇಲೆ ನನಗೆ ಸಮಾಧಾನ ಹೇಳೋಕೆ ಬನ್ನಿ.

ಹಂಪಾಪುರದಲ್ಲಿ ಬಸ್ಸಿಳಿದು ಗದ್ದೆ ಬಯಲಿನ ದಾರಿ ಹಿಡಿದರೆ ನಮ್ಮೂರು. ಊರ ಹಿಂದೆ ಒಂದು ಸಣ್ಣ ಹೊಳೆ. ಸರ್ಕಾರದ ನಕ್ಷೇಲಿ ಅದಕ್ಕೇನೋ ಹೆಸರಿದೆ, ನಮಗೆ ಅದು ಬರೀ ಹೊಳೆ. ನಾನು ಪಿರಿಯಾಪಟ್ಟಣದ ಕಡೆಯವಳು. ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಪಕ್ಕದಲ್ಲಿ ಬೆಳೆದೋಳು, ಬೋರ್‌ವೆಲ್ ನೀರು ಕುಡಿದೋಳು. ಮದುವೆಯಾಗಿ ಇಲ್ಲಿಗೆ ಬಂದಾಗ ಮನೆ ಹಿಂದೇನೇ ಹೊಳೆ ಹರೀತದೆ ಅನ್ನೋದು ನನಗೊಂದು ದೊಡ್ಡ ಜಂಬವಾಗಿತ್ತು. ತವರಿಗೆ ಹೋದಾಗಲೆಲ್ಲ ಅಕ್ಕತಂಗೀರ ಮುಂದೆ ಅದನ್ನೇ ಕೊಚ್ಚಿಕೊಳ್ತಿದ್ದೆ.

ಬಂದ ಹೊಸತರಲ್ಲೇ ನನ್ನ ಅತ್ತೆ ಕೈ ಹಿಡಿದು ಹೊಳೆಗೆ ಕರ್ಕೊಂಡು ಹೋದರು. ಮೆಟ್ಟಿಲ ಪಕ್ಕದ ಮರಳಲ್ಲಿ ಕೂತು, ಕೈಯಲ್ಲೇ ಒಂದು ಗುಂಡಿ ತೋಡಿದರು. ಮೊದಲು ಬಂದ ಕದಡು ನೀರನ್ನ ತೆಂಗಿನ ಚಿಪ್ಪಲ್ಲಿ ಎತ್ತಿ ಎತ್ತಿ ಚೆಲ್ಲಿದರು. ಸ್ವಲ್ಪ ಹೊತ್ತು ಕಾದ ಮೇಲೆ ಮರಳಿನ ಒಳಗಿಂದ ತಿಳಿನೀರು ಒಸರಿ ಬಂತು. ಅದಕ್ಕೆ ಒರತೆ ಅಂತಾರೆ. ಆ ನೀರನ್ನ ಚಿಪ್ಪಲ್ಲಿ ಮೊಗೆದು, ಬಿಂದಿಗೆ ಬಾಯಿಗೆ ಕಟ್ಟಿದ ಬಿಳೀ ಬಟ್ಟೆ ಮೇಲೆ ನಿಧಾನಕ್ಕೆ ಹುಯ್ಯಬೇಕು.

"ಕುಡಿಯೋ ನೀರ ಹರಿಯೋ ಕಡೆ ಮೊಗೀಬ್ಯಾಡ ಕಣವ್ವ," ಅಂದರು. "ಒರತೆ ತೋಡು, ಸೋಸು. ಮನೆಗೆ ಬಂದೋರಿಗೆ ಸೋಸದೆ ಇರೋ ನೀರ ಕೊಟ್ರೆ ನಮ್ಮ ಮರ್ಯಾದೆ ಏನಾಯ್ತದೆ?"

ಆಮೇಲೆ ನಲ್ಲಿ ಬಂತು. ನಲ್ಲಿ ಆದ ಮೇಲೆ ಪಂಚಾಯ್ತಿಯ ಫಿಲ್ಟರ್ ನೀರಿನ ಘಟಕ ಬಂತು. ಈಗ ಮನೆಮನೇಲೂ ಕ್ಯಾನ್. ಸೊಸೆಯಂದಿರೆಲ್ಲ ಒರತೆ ಮರೆತರು, ಸತ್ಯ ಹೇಳಬೇಕು ಅಂದ್ರೆ ನನಗೂ ಕ್ಯಾನೇ ಹಾಯಾಗಿತ್ತು. ಅತ್ತೆ ಮಾತ್ರ ಬಗ್ಗಲಿಲ್ಲ. ದಿನಾ ಬೆಳಿಗ್ಗೆ ಹೊಳೇಲೇ ಸ್ನಾನ, ಒರತೆ ನೀರೇ ಕುಡಿಯೋಕೆ. ಕ್ಯಾನ್ ನೀರು ಬಾಯಿಗಿಟ್ಟರೆ ಮುಖ ಸಿಂಡರಿಸಿಕೊಂಡು, "ಇದು ಸತ್ತ ನೀರು ಕಣವ್ವ, ಗಂಟಲಲ್ಲಿ ಇಳಿಯಾಕಿಲ್ಲ," ಅನ್ನೋರು.

ಒಂದಿನ ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ, ಏನೋ ಊಟಕ್ಕೆ ಕರೆದಷ್ಟು ಸಲೀಸಾಗಿ ಅತ್ತೆ ಹೇಳಿದರು. "ಇಗೋ ಮಗ, ನಾನು ಸಾಯೋ ಹೊತ್ನಾಗೆ ನನ್ ಬಾಯಿಗೆ ನೀರು ಬುಡೋದು ನೀನೇ. ಗಂಡುಮಕ್ಕಳು ಅಳ್ತಾ ನಿಂತಿರ್ತಾರೆ, ಅವರ ಕೈಲಿ ಆಗಾಕಿಲ್ಲ. ನಮ್ಮ ಒರತೆ ನೀರೇ ಬುಡಬೇಕು. ಕ್ಯಾನ್ ನೀರ ಬುಟ್ಟೀಯೆ, ಜ್ವಾಕೆ!"

ನಾನು ನಗ್ತಾ ಹೂಂ ಅಂದೆ. ಹೂಂ ಅಂದಮೇಲೆ ಮುಗೀತಲ್ಲ, ಅದು ನನ್ನ ತಲೆ ಮೇಲಿನ ಭಾರ. ನಮ್ಮಲ್ಲಿ ಕೊನೇ ಗುಟುಕಿನ ಮಾತು ಕೊಟ್ಟು ತಪ್ಪಿದೋಳನ್ನ ಯಾರೂ ಮಾತಾಡಿಸಲ್ಲ.

ಅಷ್ಟರಲ್ಲಿ ಹೊಳೆಯ ಮೇಲ್ಗಡೆ ಇರೋ ಪೇಟೆ ಬೆಳೀತು. ಬಡಾವಣೆ ಮೇಲೆ ಬಡಾವಣೆ, ಕಲ್ಯಾಣ ಮಂಟಪ, ಕೋಳಿ ಅಂಗಡಿ, ಹೋಟೆಲ್ಲು. ಅವರ ಮನೆಗೆಲ್ಲ ನೀರು ಬೇಕು, ಆ ನೀರು ಮತ್ತೆಲ್ಲಿಗೋ ಹೋಗಬೇಕು. ಎಲ್ಲಿಗೆ ಹೋಗ್ತದೆ? ಒಂದು ದೊಡ್ಡ ಮೋರಿ ಕಟ್ಟಿ, ನಮ್ಮ ಮೆಟ್ಟಿಲಿಗಿಂತ ಸ್ವಲ್ಪ ಮೇಲೆ ಹೊಳೆಗೆ ತಂದು ಬಿಟ್ಟರು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಗೊತ್ತಾಗಲ್ಲ. ಮಳೆ ನಿಂತು ಹರಿವು ಸಣ್ಣಗಾದಾಗ ನೊರೆ ಏಳ್ತದೆ, ಕಪ್ಪಗೆ ರಾಡಿ ಕೂರ್ತದೆ, ಕೋಳಿ ಪುಕ್ಕ ತೇಲ್ತದೆ. ಅತ್ತೆಯ ಕಾಲಲ್ಲಿ ಕಡಿತ ಶುರುವಾಯ್ತು. ಬೇವಿನ ಸೊಪ್ಪು ಅರೆದು ಹಚ್ಚಿಕೊಂಡು, ಮತ್ತೆ ಅದೇ ಹೊಳೆಗೆ ಇಳಿಯೋರು. ಬೇಡ ಅಂದ್ರೆ, "ಗಂಗೆಗೆ ಎಲ್ಲಾದ್ರೂ ಮೈಲಿಗೆ ಉಂಟೇನೇ?" ಅಂತ ನನ್ನನ್ನೇ ಗದರೋರು.

ನಾನು ಸುಮ್ಮನಿರೋಳಲ್ಲ. ತಾಲೂಕಿನೋರು ಊರಿಗೆ ಬಂದು ಸಭೆ ಮಾಡಿದಾಗ ಎದ್ದು ನಿಂತು ಕೇಳಿದೆ. ಮೋರಿ ನೀರನ್ನ ಶುದ್ಧ ಮಾಡಿ ಬಿಡಿ, ಇಲ್ಲ ಬೇರೆ ಕಡೆ ತಿರುಗಿಸಿ, ನಮ್ಮತ್ತೆ ಅದರಲ್ಲಿ ಸ್ನಾನ ಮಾಡ್ತಾರೆ, ಕುಡೀತಾರೆ ಅಂದೆ. ವೇದಿಕೆ ಮೇಲಿದ್ದೋರು ಬಾದಾಮಿ ಹಾಲು ಕುಡೀತಾ, "ಮೊದಲು ನೀರು ಪರೀಕ್ಷೆ ಆಗಬೇಕಮ್ಮ. ವರದಿ ಬರಲಿ, ಕ್ರಮ ತಗೊಳ್ತೀವಿ," ಅಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಇತ್ತು ಮಾತು. ಆದರೂ ವರದಿ ಅಂದರಲ್ಲ, ಆಗಲಿ, ವರದೀಲಿ ಇರೋದು ಇದ್ದಂಗೆ ಬರ್ತದೆ ಅಂತ ನಂಬಿದೆ.

ನೀರು ಹಿಡಿಯೋ ಜೀಪು ಬಂದ ದಿನ ನಾನು ಊರಲ್ಲಿರಲಿಲ್ಲ. ಹ್ಯಾಂಡ್‌ಪೋಸ್ಟ್ ಊರಿನ ಅಂಗಡಿಗೆ ಮಿಕ್ಸಿ ಜಾರ್ ರಿಪೇರಿಗೆ ಹೋಗಿದ್ದೆ. ವಾಪಸ್ ಬಂದಾಗ ಅತ್ತೆ ಜಗಲಿ ಮೇಲೆ ಕಾಲು ನೀಡಿಕೊಂಡು ಕೂತಿದ್ದರು, ಮುಖದಲ್ಲಿ ಹಬ್ಬ ಮಾಡಿದ ಕಳೆ.

"ಸರ್ಕಾರದೋರು ಬಂದಿದ್ರು ಕಣವ್ವ, ನಮ್ಮ ಹೊಳೆ ನೀರ ಕೇಳ್ಕಂಡು. ನಾನೇ ಕೊಟ್ಟು ಕಳಿಸ್ದೆ."

"ಏನು ಕೊಟ್ರಿ?"

"ನೀರು ಕಣೇ. ಇನ್ನೇನ ಕೊಡ್ಲಿ?"

ಬಿಡಿಸಿ ಕೇಳಿದರೆ ಆಗಿದ್ದು ಇಷ್ಟು. ಅಧಿಕಾರಿ ಜೀಪಿಂದ ಇಳಿದು ಹೊಳೆ ದಂಡೇಲಿ ನಿಂತರಂತೆ. ಕೆಸರು. ಕಾಲಲ್ಲಿ ಒಳ್ಳೆ ಬೂಟು. "ಯಾರಾದ್ರೂ ಒಂಚೂರು ನೀರು ತಂದ್ಕೊಡ್ತೀರಾ?" ಅಂತ ಕೇಳಿದರಂತೆ. ಕೇಳಿದ್ದು ಯಾರ ಹತ್ರ? ನಮ್ಮತ್ತೆ ಹತ್ರ! ದೂರದಿಂದ ಬಂದೋರು, ಅದೂ ಸರ್ಕಾರದೋರು, ನೀರು ಕೇಳಿದ್ದಾರೆ. ಅತ್ತೆ ಮನೆಗೆ ಓಡಿಬಂದು ಹಿತ್ತಾಳೆ ಬಿಂದಿಗೇನ ಹುಣಸೆಹಣ್ಣು ಹಾಕಿ ಬೆಳಗಿದ್ದಾರೆ. ಹೊಳೆಗೆ ಹೋಗಿ ಒರತೆ ತೋಡಿ, ಕದಡು ಚೆಲ್ಲಿ, ತಿಳಿಯಾಗೋವರೆಗೂ ಅವರನ್ನ ಕಾಯಿಸಿದ್ದಾರೆ. ಪೆಟ್ಟಿಗೇಲಿದ್ದ ಮಡಿ ಪಂಚೆಯ ತುಂಡನ್ನ ಎರಡು ಮಡಿಕೆ ಮಾಡಿ ಸೋಸಿದ್ದಾರೆ. ಪುಣ್ಯಕ್ಕೆ ಒಂದು ತುಳಸೀದಳ ಹಾಕಿರಲಿಲ್ಲ. ಆ ಅಧಿಕಾರಿ ಬಿಂದಿಗೆಯಿಂದ ತನ್ನ ಬಾಟ್ಲಿಗಳಿಗೆ ನೀರು ಹುಯ್ಕೊಂಡು, ಮುಚ್ಚಳ ಹಾಕಿ, ಚೀಟಿ ಅಂಟಿಸಿ, "ಥ್ಯಾಂಕ್ಸ್ ಅಜ್ಜಿ" ಅಂತ ಹೇಳಿ ಹೋಗಿದ್ದಾರೆ.

ನನಗೆ ಮೈಯೆಲ್ಲ ಉರಿದುಹೋಯ್ತು. "ಅಯ್ಯೋ ನಿಮ್ಮ! ಅವರು ಬಂದಿದ್ದು ನೀರು ಕುಡಿಯೋಕಲ್ಲ ಅತ್ತೆಮ್ಮ, ನೀರು ಎಷ್ಟು ಕೆಟ್ಟಿದೆ ಅಂತ ನೋಡೋಕೆ!"

ಅತ್ತೆ ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ಅಂಗಂತ ಬಂದೋರಿಗೆ ಕೊಳಕು ನೀರ ಕೊಡಾಕಾಯ್ತದಾ? ನಿಮ್ಮ ತವರಲ್ಲಿ ಅಂಗೇ ಕೊಡ್ತಾರೇನೋ, ನಂಗೆ ಗೊತ್ತಿಲ್ಲ."

ನಮ್ಮ ಮನೆಯವರು ಬಾಯಿಗೆ ಟವಲ್ ಒತ್ತಿ ಹಿಡಿದು ನಕ್ಕರು. ಊರೆಲ್ಲ ನಕ್ಕಿತು. ಅರಳಿಕಟ್ಟೆ ಹುಡುಗರು ನನ್ನನ್ನ ಕಂಡರೆ, "ಅಕ್ಕ, ಒಂದು ಬಿಂದಿಗೆ ಸರ್ಕಾರದ ನೀರು ಕೊಡಕ್ಕ" ಅಂತ ಕಿಚಾಯಿಸೋರು. ನಾನೂ ನಕ್ಕೆ, ಯಾಕಂದ್ರೆ ಅತ್ತೆ ಮೇಲೆ ಸಿಟ್ಟು ನಿಲ್ಲಲ್ಲ. ಅವರಿಗೆ ತಿಳಿದಿದ್ದನ್ನ ಅವರು ಮಾಡಿದರು. ಆದರೆ ಆ ಬೂಟಿನವರು? ಓದಿದ್ದಾರೆ, ಸಂಬಳ ತಗೊಳ್ತಾರೆ. ಬೆಳಗಿದ ಬಿಂದಿಗೇಲಿ ಬಟ್ಟೆ ಹಾಕಿ ಸೋಸಿ ತಂದ ನೀರು ಹೊಳೆಯ ನೀರು ಹೆಂಗಾಗ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಬೂಟು ಕೆಸರಾಗಬಾರದು, ಅಷ್ಟೇ.

ಮಳೆಗಾಲ ಕಳೆದ ಮೇಲೆ ಪಂಚಾಯ್ತಿಯೋರ ವಾಟ್ಸಾಪಿಗೆ ವರದಿ ಬಂತು. ನೀರು ಬಿ ದರ್ಜೆ, ಸ್ನಾನಕ್ಕೆ ಯೋಗ್ಯ, ಕ್ರಮದ ಅಗತ್ಯ ಇಲ್ಲ. ಅದನ್ನ ಓದಿ ಹೇಳಿದಾಗ ಅತ್ತೆಗೆ ಖುಷಿಯೋ ಖುಷಿ. "ನಾ ಹೇಳ್ನಿಲ್ವಾ?" ಅಂತ ಟವಲ್ ಹೆಗಲಿಗೆ ಹಾಕ್ಕೊಂಡು ಹೊಳೆಗೆ ಹೊರಟರು. ಮೊಣಕಾಲವರೆಗೂ ಕೆರೆದು ಗಾಯವಾದ ಕಾಲು, ಆ ಕಾಲಲ್ಲೇ ಬಿರಬಿರನೆ ನಡೆದರು.

ನಾನು ತಡೀಲಿಲ್ಲ. ಮನೆಯವರನ್ನ ಎಬ್ಬಿಸಿಕೊಂಡು ನೀರು ಪರೀಕ್ಷೆ ಮಾಡೋ ಮೈಸೂರಿನ ಕಚೇರಿಗೇ ಹೋದೆ. ನಮ್ಮೂರಿಗೆ ಬಂದಿದ್ದೋರು ಯಾರು ಅಂತ ಕೇಳಿದ್ರೆ, ಆ ಅಧಿಕಾರಿಯೇ ಕೂತಿದ್ದರು. ಬಿಂದಿಗೆ ಕಥೆ ಎತ್ತಿದ ಕೂಡಲೇ ಮುಖ ಸಪ್ಪಗಾಯ್ತು, ಆದರೆ ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಕೆಟ್ಟ ಮನುಷ್ಯ ಅಂತ ಹೇಳೋಕಾಗಲ್ಲ. ಅದೇ ನನಗೆ ಇನ್ನೂ ಸಿಟ್ಟು, ಕೆಟ್ಟೋರಾಗಿದ್ದರೆ ಬೈದು ಎದ್ದು ಬರಬಹುದಿತ್ತು.

ಅವರೇ ವಿವರಿಸಿದರು. ಪ್ರತಿ ರಾಜ್ಯವೂ ತನ್ನ ಹೊಳೆ, ಕೆರೆಗಳಲ್ಲಿ ಒಂದೊಂದು ಜಾಗ ಗೊತ್ತು ಮಾಡಿಕೊಂಡು ಆಗಾಗ ನೀರು ಹಿಡೀತದೆ. ಅದರಲ್ಲಿ ಮೀನು ಉಸಿರಾಡುವಷ್ಟು ಗಾಳಿ ಇದೆಯಾ, ಮಲದ ಕ್ರಿಮಿ ಎಷ್ಟಿದೆ, ಎಲ್ಲ ನೋಡಿ ದರ್ಜೆ ಕೊಡ್ತದೆ. ಕ್ರಿಮಿ ಕೊಲ್ಲೋ ಔಷಧಿ ಹಾಕಿ ಕುಡಿಯಬಹುದಾದ್ದು ಎ. ಸ್ನಾನಕ್ಕೆ ಆಗೋದು ಬಿ. ಪೂರ್ತಿ ಶುದ್ಧೀಕರಿಸಿ ಕುಡಿಯಬಹುದಾದ್ದು ಸಿ. ಮೀನು, ಪ್ರಾಣಿಗಳಿಗೆ ಡಿ. ಗದ್ದೆಗೆ ಹಾಯಿಸೋಕೆ ಇ. ಎಲ್ಲ ಸೇರಿಸಿ ವರದಿ ಮಾಡಿ ಮೇಲಕ್ಕೆ ಕಳಿಸ್ತಾರೆ.

"ಸರಿ ಸಾ," ಅಂದೆ. "ಇನ್ನೊಂದು ಸಲ ಬನ್ನಿ. ಈ ಸಲ ನಾನು ತೋರಿಸಿದ ಕಡೆ ನೀವೇ ಇಳಿದು ಹಿಡೀಬೇಕು. ಬೂಟು ಬಿಚ್ಚಿ."

ಬಂದರು. ಆ ಮಾತಿಗೆ ಅವರನ್ನ ಮೆಚ್ಚಬೇಕು. ಚಳಿಗಾಲ, ಹೊಳೆ ಇಳಿದಿತ್ತು. ಅತ್ತೆಗೆ ಮನೇಲೇ ಕೂತಿರಿ ಅಂತ ಮೊದಲೇ ತಾಕೀತು ಮಾಡಿದ್ದೆ. ಅವರು ಕೇಳ್ತಾರಾ? ಬಿಂದಿಗೆ ಮುಟ್ಟಲಿಲ್ಲ ನಿಜ, ಆದರೆ ಮೆಟ್ಟಿಲ ಮೇಲೆ ಬಂದು ಮುಖ ಊದಿಸಿಕೊಂಡು ನಿಂತರು. ಮನೆಗೆ ಬಂದ ನೆಂಟರಿಗೆ ಹಿತ್ತಲ ಕೊಟ್ಟಿಗೆ ತೋರಿಸ್ತಿದ್ದೀನಿ ಅನ್ನೋ ಹಂಗಿತ್ತು ಅವರ ನೋಟ. ನಾನು ಸೀರೆ ಎತ್ತಿ ಕಟ್ಟಿ ಮುಂದೆ ಇಳಿದೆ, ಅಧಿಕಾರಿ ಪ್ಯಾಂಟು ಮಡಿಸಿ ಹಿಂದೆ ಇಳಿದರು. ಮೋರಿ ಬೀಳೋ ಜಾಗದ ಕೆಳಗೆ ಬಾಟ್ಲಿಯನ್ನ ಹರಿವಿಗೆ ಎದುರಾಗಿ ಮುಳುಗಿಸಿ ಹಿಡಿದರು. ಒಂದು ಕೈ ಬಾಟ್ಲೀಲಿ, ಇನ್ನೊಂದು ಕೈ ಮೂಗಿನ ಮೇಲಿನ ಕರ್ಚೀಫಲ್ಲಿ. ದಡಕ್ಕೆ ಹತ್ತಿದ ಮೇಲೆ ನಮ್ಮ ಮನೆ ನಲ್ಲಿ ಕೆಳಗೆ ಸೋಪು ಹಾಕಿ ಹಾಕಿ ಕಾಲು ತೊಳೆದುಕೊಂಡರು.

"ಗೊತ್ತಾಯ್ತಾ ಸಾ?" ಅಂದೆ.

"ಗೊತ್ತಾಯ್ತಮ್ಮ. ತುಂಬಾ ಕೆಟ್ಟಿದೆ," ಅಂದರು.

ಅವತ್ತು ರಾತ್ರಿ ನಾನು ಕಣ್ತುಂಬ ನಿದ್ದೆ ಮಾಡಿದೆ. ಅವರ ಬಾಯಿಂದಲೇ ಬಂತಲ್ಲ. ಇನ್ನು ವರದೀಲಿ ಬಿ ಹೋಗಿ ಫೇಲ್ ಅಂತ ಬರ್ತದೆ, ಮೋರಿಗೊಂದು ಗತಿ ಕಾಣಿಸ್ತಾರೆ, ಅತ್ತೆ ಹೊಳೆ ಅತ್ತೆಗೆ ಉಳೀತದೆ ಅಂದ್ಕೊಂಡೆ. ಕೆ.ಆರ್. ನಗರದಲ್ಲಿರೋ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು, "ನಿಂಗೆ ಬ್ಯಾರೆ ಕೆಲ್ಸ ಇಲ್ವೇನಕ್ಕ? ಹೊಳೇಲಿ ಹುಣಸೆಹಣ್ಣು ಕಿವುಚ್ತಿದ್ದೀಯ," ಅಂದಳು. ಅವಳಿಗೇನು ಗೊತ್ತು ಅಂತ ಫೋನ್ ಇಟ್ಟೆ. ಗೊತ್ತಿತ್ತು ಅವಳಿಗೆ.

ಬೇಸಿಗೆ ಶುರುವಾಗೋ ಹೊತ್ತಿಗೆ ಎರಡನೇ ವರದಿ ಬಂತು. ಅದನ್ನ ನಾನು ಎಷ್ಟು ಸಲ ಓದಿದೆನೋ. ನೀರು ಇ ದರ್ಜೆ ಅಂತ ಬರೆದಿದ್ದರು. ಸರಿ, ನ್ಯಾಯ. ಅದರ ಪಕ್ಕದಲ್ಲೇ ಇನ್ನೊಂದು ಕಲಂ. ಈ ಹೊಳೆಯ ನಿಗದಿತ ಉಪಯೋಗ, ನೀರಾವರಿ. ಅದಕ್ಕೆ ಬೇಕಾದ ದರ್ಜೆ, ಇ. ಇರುವ ದರ್ಜೆ, ಇ. ಸ್ಥಿತಿ, ತೃಪ್ತಿಕರ.

ತೃಪ್ತಿಕರ! ಯಾರಿಗೆ ಸ್ವಾಮಿ ತೃಪ್ತಿ? ಮೂಗಿಗೆ ಕರ್ಚೀಫು ಹಿಡಿದೋರಿಗಾ?

ಫೋನ್ ಮಾಡಿದೆ. ಅಧಿಕಾರಿ ಎತ್ತಿದರು. "ನೋಡಿ ಅಮ್ಮ, ಮೊದಲು ನಿಮ್ಮ ಹೊಳೇನ ಸ್ನಾನದ ದರ್ಜೆಗೆ ಇಟ್ಟಿದ್ವಿ. ಈಗಿನ ಸ್ಥಿತೀಲಿ ಅದು ಆ ಮಟ್ಟ ಮುಟ್ಟಲ್ಲ. ಅದಕ್ಕೇ ಮೇಲಿನೋರು ಅದರ ಉಪಯೋಗಾನ ನೀರಾವರಿ ಅಂತ ತಿದ್ದಿದ್ದಾರೆ. ನೀರಾವರಿಗೆ ಈ ನೀರು ಸರಿಯಾಗೇ ಇದೆ. ಆ ದರ್ಜೇಲಿ ಹದ್ದುಬಸ್ತಲ್ಲಿ ಕೊಳಚೆ ಬಿಡೋಕೂ ಅವಕಾಶ ಇದೆ. ಹಂಗಾಗಿ ಸದ್ಯಕ್ಕೆ ಕ್ರಮ ಅಂತ ಏನೂ ಬರಲ್ಲ."

ನನಗೆ ತಲೆ ಕೆಟ್ಟು ಕೆರ ಹಿಡಿದುಹೋಯ್ತು. ನಾನು ಹೊಗೆಸೊಪ್ಪಿನ ಮನೆ ಮಗಳು. ಗ್ರೇಡ್ ಮಾಡೋದು ಅಂದ್ರೆ ಏನು ಅಂತ ಹೊಟ್ಟೇಲಿದ್ದಾಗಿಂದ ನೋಡಿದೀನಿ. ನಮ್ಮಪ್ಪ ಒಂದೊಂದೇ ಎಲೆ ಬೆಳಕಿಗೆ ಹಿಡಿದು ಬೇರೆ ಮಾಡೋರು. ಕಪ್ಪಾದ ಎಲೆ ಕೆಳಗಿನ ಗ್ರೇಡಿಗೆ ಹೋಗ್ತದೆ. ಆವಾಗ ಮನೇಲಿ ಯಾರೂ ಶಭಾಷ್ ಅನ್ನಲ್ಲ, ಅಪ್ಪ ಅವತ್ತು ಊಟ ಮಾಡ್ತಿರಲಿಲ್ಲ. ಬ್ಯಾರನ್ನಿನ ಬೆಂಕಿ ಎಲ್ಲಿ ಕೆಟ್ಟಿತು, ಯಾರು ಕಾಯೋದು ಬಿಟ್ಟು ಮಲಗಿದ್ರು ಅಂತ ಹುಡುಕೋರು. ಈ ಮಹಾನುಭಾವರು ನೋಡಿ, ಎಲೆ ಸುಟ್ಟಿದೆ, ಹಂಗಾಗಿ ನಮಗೆ ಬೇಕಾಗಿದ್ದೇ ಸುಟ್ಟೆಲೆ ಅಂತ ಬರೆದುಕೊಂಡು ತೃಪ್ತಿಯಾಗಿ ಕೂತಿದ್ದಾರೆ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.

ಆ ಕಲಂ ತುಂಬಿಸೋ ಮುಂಚೆ ಹೊಳೆ ಉಪಯೋಗ ಏನು ಅಂತ ನಮ್ಮೂರಲ್ಲಿ ಯಾರನ್ನಾದರೂ ಕೇಳಿದ್ರಾ? ನಮ್ಮತ್ತೆ ಸೊಸೆಯಾಗಿ ಬಂದಾಗಿನಿಂದ ಇಳಿದ ಮೆಟ್ಟಿಲು ಅದು. ಮಕ್ಕಳ ಮೊದಲ ಕೂದಲು ತೆಗೆಸಿ ಮೀಯಿಸಿದ್ದು ಅಲ್ಲಿ. ಮನೆಗೆ ಸೊಸೆ ಬಂದರೆ ಗಂಗೆ ಪೂಜೆ ಮಾಡಿಸೋದು ಅಲ್ಲಿ. ಇದಕ್ಕೆಲ್ಲ ಎಲ್ಲಿದೆ ಕಲಂ? ಇನ್ನು ಗದ್ದೆ ಅಂದ್ರೇನು, ಅದು ಬೇರೆ ಲೋಕವಾ? ಆ ಗದ್ದೆ ಅಕ್ಕಿಯನ್ನೇ ನಾವು ಉಣ್ಣೋದು, ಆ ಕೆಸರಲ್ಲಿ ನಾಟಿ ಹಾಕೋರ ಕಾಲು ಕಾಲಲ್ಲವಾ? ಇದನ್ನೆಲ್ಲ ಫೋನಲ್ಲೇ ಕೇಳಿದೆ. ಅವರು, "ನಿಮ್ಮ ಭಾವನೆ ಅರ್ಥ ಆಗ್ತದಮ್ಮ," ಅಂದರು. ನಾನು ಭಾವನೆ ಹೇಳಿರಲಿಲ್ಲ, ಪ್ರಶ್ನೆ ಕೇಳಿದ್ದೆ.

ವರದೀಲಿ ಏನು ಬಂತು ಅಂತ ಅತ್ತೆ ಕೇಳಿದರು. ನಾನು ಇದ್ದಿದ್ದು ಇದ್ದಂಗೆ ಹೇಳಿದೆ. ಹೊಳೆ ನೀರು ಗದ್ದೆಗೆ ಸರಿಯಂತೆ, ಮನುಷ್ಯರು ಮೀಯೋಕೆ ಅಲ್ಲವಂತೆ. ಅತ್ತೆ ಕಣ್ಣು ಸಣ್ಣ ಮಾಡಿ, "ಅಂಗಾರೆ ಇಷ್ಟು ದಿನ ಮಿಂದೋಳು ನಾನೇನು ಗದ್ದೆಯಾ?" ಅಂದರು. ಮನೆಯವರು ನಕ್ಕರು, ಅತ್ತೇನೂ ಬೊಚ್ಚು ಬಾಯಿ ತೆಗೆದು ನಕ್ಕರು. ನನಗೆ ನಗು ಬರಲಿಲ್ಲ.

ಅವತ್ತಿಂದ ಅತ್ತೆ ಮಾತು ಕಮ್ಮಿಯಾಯ್ತು. ಆದರೂ ದಿನಾ ಸ್ನಾನಕ್ಕೆ, ಒರತೆ ನೀರಿಗೆ ಹೊಳೆಗೆ ಹೋಗಿಬರೋರು. ಕಾಗದದ ಮಾತನ್ನ ಅವರು ನಂಬಿರಲಿಲ್ಲ, ಅದು ನನಗೆ ಗೊತ್ತಿತ್ತು. ಬೂಟಿನೋರು ಹೇಳಿದ್ದು, ನಾನು ಓದಿದ್ದು, ಅವರ ಲೆಕ್ಕಕ್ಕೇ ಇಲ್ಲ. ನಡುಬೇಸಿಗೇಲಿ ಒಂದು ಬೆಳಿಗ್ಗೆ ಅವರು ಹೋಗಿ ಎಷ್ಟು ಹೊತ್ತಾದರೂ ಬರಲಿಲ್ಲ. ಕಾಲು ಜಾರಿತೇನೋ ಅಂತ ಓಡಿದೆ.

ಅತ್ತೆ ಮೆಟ್ಟಿಲ ಪಕ್ಕದ ಮರಳಲ್ಲಿ ಕೂತಿದ್ದರು. ಸುತ್ತ ಗುಂಡಿಗಳು. ಒಂದು ತೋಡಿ ಬಿಟ್ಟು, ಪಕ್ಕದಲ್ಲಿ ಇನ್ನೊಂದು, ಅದನ್ನೂ ಬಿಟ್ಟು ಸ್ವಲ್ಪ ಮೇಲೆ ಮತ್ತೊಂದು. ಮೊಣಕೈವರೆಗೂ ಮರಳು, ಕೈಲಿ ಚಿಪ್ಪು. ಎಲ್ಲ ಗುಂಡೀಲೂ ನೀರು ಬಂದಿತ್ತು. ಬೂದಿ ಕಲಸಿದ ಹಾಗೆ, ಮೇಲೆ ಎಣ್ಣೆ ಪದರ. ಚಿಪ್ಪಲ್ಲಿ ಎತ್ತಿ ಚೆಲ್ಲೋರು, ಕಾಯೋರು, ಮತ್ತೆ ಅದೇ ಬರೋದು. ಬಗ್ಗಿ ಮೂಸಿ ನೋಡಿದೆ. ಮೋರಿ ವಾಸನೆ. ಮರಳಿನ ಹೊಟ್ಟೆಯೊಳಕ್ಕೂ ಇಳಿದಿತ್ತು ಅದು.

"ಏಳಿ ಅತ್ತೆಮ್ಮ, ಬಿಸಿಲು ಏರ್ತಾ ಇದೆ," ಅಂದೆ.

"ಇರು ಕಣವ್ವ. ಒಸಿ ತಿಳಿಯಾಗ್ಲಿ," ಅಂದರು.

ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಕಾದೆವು. ತಿಳಿಯಾಗಲಿಲ್ಲ. ಕೊನೆಗೆ ಅತ್ತೆ ಚಿಪ್ಪನ್ನ ಮೆಟ್ಟಿಲ ಮೇಲೆ ಬೋರಲು ಹಾಕಿ, ನನ್ನ ಹೆಗಲು ಹಿಡಿದು ಎದ್ದರು. ದಾರಿಯುದ್ದಕ್ಕೂ ನಾನು ಬೈಕೊಂಡೇ ಬಂದೆ. ಮೋರಿ ಕಟ್ಟಿದೋರನ್ನ, ಕಲಂ ತಿದ್ದಿದೋರನ್ನ, ಬಾದಾಮಿ ಹಾಲು ಕುಡಿದೋರನ್ನ, ಬಾಯಿಗೆ ಬಂದ ಮಾತಲ್ಲೆಲ್ಲ ಬೈದೆ. ಆ ಕಾಗದದಲ್ಲಿ ಎ ಇಂದ ಇ ತನಕ ಅಕ್ಷರ ಇದೆ. ಸಾಯೋ ಮುದುಕಿ ಬಾಯಿಗೆ ಬಿಡೋ ನೀರು ಯಾವ ಅಕ್ಷರಕ್ಕೆ ಸೇರ್ತದೆ ಅಂತ ಮೈಸೂರಿಗೆ ಹೋಗಿ ಅವರ ಮೇಜು ಗುದ್ದಿ ಕೇಳ್ತೀನಿ ಅಂದೆ. ಹೋಗ್ತೀನಿ ಕೂಡ, ಬಿಡೋಳಲ್ಲ ನಾನು.

ಅತ್ತೆ ಮನೆಗೆ ಬಂದು ಕೈಕಾಲು ತೊಳೆದು, ಅಡುಗೆಮನೆ ಬಾಗಿಲಲ್ಲಿ ಕೂತರು. ಮೂಲೇಲಿದ್ದ ಕ್ಯಾನ್ ಕಡೆ ಸ್ವಲ್ಪ ಹೊತ್ತು ನೋಡಿದರು.

"ಆವತ್ತು ನಿನ್ ತಾವ ಒಂದು ಮಾತು ಈಸ್ಕಂಡಿದ್ನಲ್ಲ ಮಗ," ಅಂದರು. "ಅದ ಬುಟ್ಬುಡು. ಒರತೆ ನೀರು ಬ್ಯಾಡ. ಈ ಕ್ಯಾನ್ ನೀರ್ನೇ ಬುಡು."

ಅತ್ತೆ ಎದ್ದು ಒಳಕ್ಕೆ ಹೋದರು, ಪೆಟ್ಟಿಗೆ ತೆಗೆದರು. ಆ ಬಿಳೀ ಪಂಚೆಯ ತುಂಡನ್ನ ತಂದು ಮಡಿಸಿ ನನ್ನ ಕೈಲಿಟ್ಟರು.

"ಅದನ್ನೂ ಒಸಿ ಸೋಸಿ ಬುಡು ಕಣವ್ವ."